ಬ್ಲೆಂಡರಿನ ಸ್ಕೈ ಟೆಕ್ಸ್ಚರ್: ಆಕಾಶವೂ ಬಿಸಿಲೂ ಒಂದೇ ಲೆಕ್ಕದಲ್ಲಿ

ಡಿಜಿಟಲ್ ಭೂದೃಶ್ಯ ರಚಿಸುವ ನಮ್ಮಲ್ಲಿ ಹಲವರು ಬೆಟ್ಟ, ಮರ, ಹುಲ್ಲುಗಳಿಗೆ ವಾರಗಟ್ಟಲೆ ದುಡಿದು, ಆಕಾಶವನ್ನು ಮಾತ್ರ ಕೊನೆಯ ಗಳಿಗೆಯಲ್ಲಿ ನಾಟಕದ ಪರದೆಯಂತೆ ಹಿಂದೆ ಇಳಿಬಿಡುತ್ತೇವೆ. ನಾನೂ ಬಹುಕಾಲ ಹಾಗೆಯೇ ಮಾಡಿದೆ. ಹಣ ಕೊಟ್ಟು ಕೊಂಡಿದ್ದ ಒಂದು ಎಚ್‌ಡಿಆರ್‌ಐ (ದೃಶ್ಯಕ್ಕೆ ಬೆಳಕನ್ನೂ ಕೊಡಬಲ್ಲ ಸುತ್ತುನೋಟದ ಛಾಯಾಚಿತ್ರ) ಸಂಗ್ರಹದಲ್ಲಿ ಮೋಡಗಳೇನೋ ಸೊಗಸಾಗಿದ್ದವು. ಆದರೆ ಸೂರ್ಯನ ನಿಜವಾದ ಪ್ರಖರತೆ ಆ ಚಿತ್ರಗಳಲ್ಲಿ ದಾಖಲಾಗಿರಲಿಲ್ಲವಾದ್ದರಿಂದ, ಆಕಾಶದಲ್ಲಿ ಸುಡುಬಿಸಿಲಿದ್ದರೂ ನೆಲದ ಮೇಲೆ ನೆರಳು ಸರಿಯಾಗಿ ಬೀಳುತ್ತಿರಲಿಲ್ಲ. ಬೇರೆಯಾಗಿ ಒಂದು ಸೂರ್ಯದೀಪವನ್ನು ಸೇರಿಸಿದರೆ ಅದರ ಬಣ್ಣ ಆಕಾಶದ ಬಣ್ಣಕ್ಕೆ ಹೊಂದುತ್ತಿರಲಿಲ್ಲ.

ಮೂರು ಆಯಾಮದ ದೃಶ್ಯ ರಚಿಸುವ ಬ್ಲೆಂಡರ್ ತಂತ್ರಾಂಶದಲ್ಲಿ ಆಕಾಶವನ್ನು ಮೂಡಿಸುವ ಘಟಕವಾದ ಸ್ಕೈ ಟೆಕ್ಸ್ಚರ್ ನೋಡ್‌ನಲ್ಲಿರುವ ನಿಶಿತಾ ಆಕಾಶ ಈ ತೊಡಕನ್ನು ಬುಡದಲ್ಲೇ ಬಿಡಿಸುತ್ತದೆ. ತೊಮೊಯುಕಿ ನಿಶಿತಾ ಮತ್ತು ಸಂಗಡಿಗರು 1993ರಲ್ಲಿ ಪ್ರಕಟಿಸಿದ ಮಾದರಿಯನ್ನು ಆಧರಿಸಿದ ಈ ಆಕಾಶ 2020ರ 2.90 ಆವೃತ್ತಿಯಲ್ಲಿ ಸೇರಿತು. ನಾನು ಬಳಸಿ ಬರೆಯುತ್ತಿರುವುದು 4.2 ಆವೃತ್ತಿಯನ್ನು; ಇಲ್ಲಿನ ಹೆಸರು, ಅಂಕಿಗಳೆಲ್ಲ ಅದರವು. ಗಾಳಿಯ ಅಣುಗಳು ಕೆಂಪಿಗಿಂತ ನೀಲಿಯನ್ನು ಬಹಳ ಹೆಚ್ಚು ಚದುರಿಸುತ್ತವೆ. ಸೂರ್ಯ ಕೆಳಗಿಳಿದಷ್ಟೂ ಬೆಳಕು ಹಾದುಬರಬೇಕಾದ ಗಾಳಿಯ ದಾರಿ ಉದ್ದವಾಗಿ, ನೀಲಿ ದಾರಿಯಲ್ಲೇ ಸೋರಿಹೋಗಿ ಕೆಂಪು, ಹಳದಿ ಉಳಿಯುತ್ತವೆ. ಆಕಾಶದ ಬಣ್ಣ ಮತ್ತು ಬಿಸಿಲಿನ ಬಣ್ಣ ಎರಡೂ ಇದೇ ಲೆಕ್ಕದಿಂದ ಹುಟ್ಟುವುದರಿಂದ ಒಂದಕ್ಕೊಂದು ತಪ್ಪುವುದಿಲ್ಲ. ನನ್ನ ಮಟ್ಟಿಗೆ ಈ ನೋಡ್‌ನ ಬೆಲೆಯೆಲ್ಲ ಇರುವುದು ಇಲ್ಲಿಯೇ.

ಮುಳ್ಳಯ್ಯನಗಿರಿಯ ಬೆಳಗೊಂದನ್ನು ರಚಿಸುವಾಗ ದಿಗಂತದಿಂದ ಸೂರ್ಯನ ಎತ್ತರವನ್ನು 4 ಡಿಗ್ರಿಗೂ, ಆಲ್ಟಿಟ್ಯೂಡನ್ನು, ಅಂದರೆ ಸಮುದ್ರಮಟ್ಟದಿಂದ ನೋಟದ ಎತ್ತರವನ್ನು, 1,900 ಮೀಟರಿಗೂ ಇಟ್ಟೆ. ಪೂರ್ವದ ಇಳಿಜಾರಿನ ಹುಲ್ಲಿಗೆ ಜೇನಿನ ಬಣ್ಣ ಬಂತು. ಕಲ್ಲುಬಂಡೆಯ ಹಿಂದಿನ ನೆರಳಿಗೆ ನಾನು ಕೈ ಹಚ್ಚದಿದ್ದರೂ ತಣ್ಣನೆಯ ನೀಲಿ ತಾನಾಗಿ ಇಳಿಯಿತು, ಏಕೆಂದರೆ ಆ ಜಾಗಕ್ಕೆ ಬೆಳಕು ಕೊಡುತ್ತಿದ್ದುದು ಸೂರ್ಯನಲ್ಲ, ಮೇಲಿನ ತೆರೆದ ಆಕಾಶ. ಇನ್ನೊಂದು ಚಿತ್ರದ ಅಡಿಕೆ ತೋಟದಲ್ಲಿ ನೆರಳಿನ ಅಂಚುಗಳನ್ನು ಹತ್ತಿರದಿಂದ ನೋಡಿದೆ. ಇಲ್ಲಿ ಸೂರ್ಯಬಿಂಬದ ಅಗಲ ಮೊದಲೇ 0.545 ಡಿಗ್ರಿಗೆ ನಿಗದಿಯಾಗಿದ್ದು, ಅದು ನಿಜವಾದ ಸೂರ್ಯ ನಮಗೆ ಕಾಣುವ ಅಗಲಕ್ಕೆ ತೀರ ಸಮೀಪದ್ದು. ಹಾಗಾಗಿ ಪ್ರತಿ ಮೀಟರು ದೂರಕ್ಕೆ ನೆರಳಿನ ಅಂಚು ಸುಮಾರು 1 ಸೆಂಟಿಮೀಟರಿನಷ್ಟು ಹರಡುತ್ತದೆ: ನೆಲದ ಮೇಲೆ ಬಿದ್ದ ಅಡಿಕೆ ಹಾಳೆಯ ನೆರಳು ಕತ್ತರಿಸಿಟ್ಟಂತೆ ಚೂಪಾಗಿದ್ದರೆ, 15 ಮೀಟರು ಮೇಲಿನ ಸೋಗೆಯ ನೆರಳು ಮಂಜುಮಂಜಾಗಿ ಕರಗಿರುತ್ತದೆ. ತೋಟದಲ್ಲಿ ಓಡಾಡಿ ಬೆಳೆದವರ ಕಣ್ಣು ಈ ವ್ಯತ್ಯಾಸವನ್ನು ಹೆಸರಿಸಲಾರದಿದ್ದರೂ ತಟ್ಟನೆ ಗುರುತಿಸುತ್ತದೆ.

ಏರ್, ಡಸ್ಟ್, ಓಝೋನ್ ಎಂಬ ಮೂರು ಅಂಕಿಗಳಲ್ಲಿ ನಾನು ಹೆಚ್ಚು ತಿರುಗಿಸುವುದು ಡಸ್ಟನ್ನು. ತಿಳಿಯಾದ ದಿನಕ್ಕೆ 1 ಸಾಕು. 5ರ ಆಸುಪಾಸಿನಲ್ಲಿ ನಗರದ ಮಬ್ಬು, 10ರಲ್ಲಿ ಬಯಲುಸೀಮೆಯ ಬೇಸಿಗೆಯಲ್ಲಿ ಕಾಣುವಂಥ ಬೆಳ್ಳನೆಯ ಧೂಳುಬಾನು ದೊರೆಯುತ್ತದೆ. ಓಝೋನ್ ಏರಿಸಿದರೆ ಆಕಾಶದ ನೀಲಿ ಗಾಢವಾಗುತ್ತದೆ.

ಕೊರತೆಗಳು ಸಣ್ಣವಲ್ಲ. ಈ ಆಕಾಶದಲ್ಲಿ ಮೋಡವೇ ಇಲ್ಲ. ಆಷಾಢದ ಮಲೆನಾಡನ್ನು ಚಿತ್ರಿಸಬೇಕೆಂದರೆ, ಬೆಳಕು ಯಾವುದೇ ಒಂದು ದಿಕ್ಕಿನಿಂದ ಬಾರದೆ ಎಲ್ಲ ದಿಕ್ಕಿನಿಂದಲೂ ಬರುವ ಆ ಹೊತ್ತನ್ನು ಕೊಡಲು ಈ ನೋಡ್‌ಗೆ ಸಾಧ್ಯವಿಲ್ಲ. ಎರಡನೆಯದು ಹೊಸಬರು ಸಾಮಾನ್ಯವಾಗಿ ಎಡವುವ ಜಾಗ: ಗಾಳಿಯ ಲೆಕ್ಕವೆಲ್ಲ ಹಿನ್ನೆಲೆಯ ಆಕಾಶಕ್ಕೆ ಮಾತ್ರ ಸೀಮಿತವಾಗಿದ್ದು, ಕ್ಯಾಮೆರಾಕ್ಕೂ ದೂರದ ಬೆಟ್ಟಕ್ಕೂ ನಡುವಿನ ಗಾಳಿಯನ್ನು ಅದು ತುಂಬುವುದಿಲ್ಲ. ಡಸ್ಟ್ ಎಷ್ಟೇ ಏರಿಸಿದರೂ ಹತ್ತು ಕಿಲೋಮೀಟರು ಆಚೆಯ ಬೆಟ್ಟಸಾಲು ಮುಂದಿನ ಪೊದೆಯಷ್ಟೇ ಸ್ಪಷ್ಟವಾಗಿ ನಿಂತು, ದೃಶ್ಯವೆಲ್ಲ ಮೇಜಿನ ಮೇಲಿನ ಆಟಿಕೆಯಂತೆ ಕಾಣುತ್ತದೆ. ಅದಕ್ಕೆ ನಡುವಿನ ಗಾಳಿಯಲ್ಲಿ ಬೆಳಕನ್ನು ಚದುರಿಸುವ ವಾಲ್ಯೂಮ್ ಸ್ಕ್ಯಾಟರ್ ಸೇರಿಸಿ ಹೆಚ್ಚಿನ ರೆಂಡರ್ ಸಮಯವನ್ನು (ಕಂಪ್ಯೂಟರ್ ಲೆಕ್ಕಹಾಕಿ ಚಿತ್ರ ಮೂಡಿಸುವ ಹೊತ್ತು) ತೆರಬೇಕು, ಇಲ್ಲವೇ ದೂರವನ್ನು ಬೂದುಛಾಯೆಯಾಗಿ ದಾಖಲಿಸುವ ಮಿಸ್ಟ್ ಪಾಸ್ ತೆಗೆದು ಆಮೇಲೆ ತಿಳಿನೀಲಿಯನ್ನು ಬೆರೆಸಬೇಕು. ಒಂದೇ ಸ್ಥಿರಚಿತ್ರಕ್ಕೆ ನಾನು ಎರಡನೆಯದನ್ನೇ ಆರಿಸುತ್ತೇನೆ. ಬೆಳಕು ಒಮ್ಮೆ ಚದುರುವುದನ್ನಷ್ಟೇ ಎಣಿಸುವ ಮಾದರಿಯಾದ್ದರಿಂದ, ಸೂರ್ಯ ಮುಳುಗಿದ ನಂತರದ ಸಂಜೆ ಬೇಗನೆ ಕತ್ತಲಾಗುತ್ತದೆ. ಸೂರ್ಯಬಿಂಬ ಬ್ಲೆಂಡರಿನ ಎರಡು ರೆಂಡರ್ ಎಂಜಿನ್‌ಗಳಲ್ಲಿ ಒಂದಾದ ಸೈಕಲ್ಸ್‌ನಲ್ಲಿ ಮಾತ್ರ ದೊರೆಯುತ್ತದೆ. ಇನ್ನೊಂದಾದ ಈವೀ ಬಳಸುವವರು ಸೂರ್ಯದೀಪವನ್ನು ತಾವೇ ಇಡಬೇಕು.

ಮೊದಲ ರೆಂಡರ್‌ನಲ್ಲಿ ಚಿತ್ರವೆಲ್ಲ ಬಿಳಿಚಿಕೊಂಡರೆ ಗಾಬರಿಪಡಬೇಕಿಲ್ಲ. ಬಿಸಿಲಿನ ಪ್ರಖರತೆ ನಿಜಕ್ಕೆ ಹತ್ತಿರವಿರುವುದರಿಂದ, ಛಾಯಾಗ್ರಾಹಕರಂತೆ ಎಕ್ಸ್‌ಪೋಷರ್ ಇಳಿಸಿಕೊಳ್ಳಬೇಕು; ಸೂರ್ಯನ ತೀವ್ರತೆಯನ್ನಷ್ಟೇ ತಗ್ಗಿಸಿದರೆ ಬಿಸಿಲು–ನೆರಳಿನ ಅನುಪಾತವೇ ಕೆಡುತ್ತದೆ.

ಬ್ಲೆಂಡರ್ ಉಚಿತವಾಗಿರುವುದರಿಂದ ಕೈಯಿಂದ ಹೋಗುವುದು ಸಮಯವೊಂದೇ. ಬರಿಬಿಸಿಲಿನ ದಿನ, ಎಳೆಬಿಸಿಲು, ಇಳಿಹೊತ್ತುಗಳಿಗೆ ಇದನ್ನು ನಿಸ್ಸಂಕೋಚವಾಗಿ ಆರಿಸಿಕೊಳ್ಳಬಹುದು. ಮೋಡ ಕವಿದ ಹಗಲು ಬೇಕೆನ್ನುವವರು ಪಾಲಿ ಹೇವನ್ ಜಾಲತಾಣ ಉಚಿತವಾಗಿ ಒದಗಿಸುವ ಎಚ್‌ಡಿಆರ್‌ಐಗಳಲ್ಲಿ ಅಂಥದೊಂದನ್ನು ಹುಡುಕಿಕೊಳ್ಳುವುದು ಮೇಲು.