ಕಣ್ಣೆದುರಿನ ಒಂದು ಗೋಡೆ: ಎಮಲ್ಷನ್ನೋ, ವಾಲ್‌ಪೇಪರೋ, ಸುಣ್ಣವೋ, ಕೌದಿಯೋ?

ಮನೆಗೆ ಕಾಲಿಟ್ಟ ಕೂಡಲೇ ಇದು ನಮ್ಮದು ಅನ್ನಿಸಬೇಕಾದರೆ ನಾಲ್ಕೂ ಗೋಡೆ ಬದಲಿಸಬೇಕಿಲ್ಲ, ಒಂದು ಸಾಕು. ಸಂಜೆ ಕೂತಾಗ ಕಣ್ಣೆದುರಿಗೆ ಬರುವ ಗೋಡೆಯನ್ನು ಆರಿಸಿಕೊಳ್ಳಿ. ಟಿವಿ ಇರುವ ಗೋಡೆ ಬೇಡ; ಅಲ್ಲಿ ಕಣ್ಣೆಲ್ಲ ಪರದೆಯ ಮೇಲಿರುತ್ತದೆ, ಪಟ್ಟ ಶ್ರಮ ದಂಡ. 10 ಅಡಿ ಎತ್ತರ, 12 ಅಡಿ ಅಗಲದ ಗೋಡೆಯನ್ನು, ಅಂದರೆ 120 ಚದರ ಅಡಿಯನ್ನು, ಲೆಕ್ಕಕ್ಕಿಟ್ಟುಕೊಂಡು ಎಮಲ್ಷನ್ ಬಣ್ಣ, ವಾಲ್‌ಪೇಪರ್, ಸುಣ್ಣ, ಹಳೆ ಬಟ್ಟೆ ಹೊಲಿದ ಕೌದಿ ಎಂಬ ನಾಲ್ಕು ದಾರಿಗಳನ್ನು ಇಲ್ಲಿ ಹೋಲಿಸಿದ್ದೇವೆ. ನಾಲ್ಕನ್ನೂ ಮಾಡಿ ನೋಡಿದ ಮೇಲೆ ನಮಗೆ ಖಚಿತವಾದದ್ದು ಇದು: ಯಾವುದು ಚೆಂದ ಎಂದು ಯೋಚಿಸುವ ಮೊದಲು, ಗೋಡೆ ಯಾವುದನ್ನು ಒಪ್ಪುತ್ತದೆ ಎಂದು ನೋಡಬೇಕು.

ಅದಕ್ಕೆ ಮೂರು ಪರೀಕ್ಷೆ. ಒದ್ದೆ ಬಟ್ಟೆಯಿಂದ ಗೋಡೆ ಉಜ್ಜಿ. ಬಟ್ಟೆಗೆ ಪುಡಿ ಹತ್ತಿದರೆ ಮೇಲಿರುವುದು ಸುಣ್ಣ ಇಲ್ಲವೇ ಡಿಸ್ಟೆಂಪರ್ ಎಂಬ ಪುಡಿಪುಡಿಯಾದ ಅಗ್ಗದ ಬಣ್ಣ. ಬ್ಲೇಡಿನಿಂದ ಅಡ್ಡ ಉದ್ದ ನಾಲ್ಕು ಗೀರು ಎಳೆದು, ಮೇಲೆ ಟೇಪು ಒತ್ತಿ ಸರಕ್ಕನೆ ಕೀಳಿ. ಚಕ್ಕೆ ಬಂದರೆ ಹಳೆ ಬಣ್ಣಕ್ಕೆ ಹಿಡಿತವಿಲ್ಲ. ಮೂರನೆಯದನ್ನು ಯಾರೂ ಮಾಡುವುದಿಲ್ಲ, ಆಮೇಲೆ ಪೇಚಾಡುತ್ತಾರೆ: 2 ಅಡಿ ಚದರದ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚಿಗೆ ಟೇಪು ಹಾಕಿ ಗೋಡೆಗೆ ಅಂಟಿಸಿ 2 ದಿನ ಬಿಡಬೇಕು. ಹಾಳೆಯ ಒಳಮೈಯಲ್ಲಿ ಹನಿ ಕಂಡರೆ ತೇವ ಗೋಡೆಯೊಳಗಿಂದ ಬರುತ್ತಿದೆ, ಹೊರಮೈಯಲ್ಲಿ ಕಂಡರೆ ಅದು ಕೋಣೆಯ ಗಾಳಿಯದು. ಬಚ್ಚಲುಮನೆಗೆ ಬೆನ್ನು ಕೊಟ್ಟ ಗೋಡೆ, ಕರಾವಳಿ ಮಲೆನಾಡಿನಲ್ಲಿ ಮಳೆ ಬಡಿಯುವ ಪಡುವಣ ಗೋಡೆ, ಇವೆರಡಕ್ಕೆ ಇದನ್ನು ತಪ್ಪಿಸಲೇಬೇಡಿ. ತೇವ ಒಳಗಿನದಾದರೆ ಸೋರಿಕೆ ನಿಲ್ಲುವವರೆಗೆ ಬಣ್ಣದ ಮಾತು ಬೇಡ.

ಎಮಲ್ಷನ್, ಅಂದರೆ ನೀರು ಬೆರೆಸಿ ಹಚ್ಚುವ ಪ್ಲಾಸ್ಟಿಕ್ ಬಣ್ಣ, ಎಲ್ಲರಿಗೂ ಗೊತ್ತಿರುವ ದಾರಿ, ಒಣ ಗೋಡೆಗೆ ಒಳ್ಳೆಯ ದಾರಿಯೂ ಹೌದು. 120 ಚದರ ಅಡಿಗೆ 2 ಲೀಟರ್ ಬಣ್ಣ, ಬಣ್ಣಕ್ಕೆ ಮೊದಲು ಹಚ್ಚುವ ಪ್ರೈಮರ್ 1 ಲೀಟರ್, ತೂತು ಬಿರುಕು ಮುಚ್ಚಲು 1 ಕಿಲೋ ಪುಟ್ಟಿ, 180 ಮತ್ತು 320 ನಂಬರಿನ ಉಪ್ಪುಕಾಗದ ಇದ್ದರೆ ಸಾಕು. ಹೆಚ್ಚಿನವರು ಎಡವುವುದು ಪುಟ್ಟಿಯಲ್ಲಿ. ಪುಟ್ಟಿ ಮೆತ್ತಿದ ಜಾಗ ನೀರು ಹೀರುತ್ತದೆ. ಅಲ್ಲಿಗೆ ಪ್ರೈಮರ್ ಕೊಡದೆ ಬಣ್ಣ ಹೊಡೆದರೆ, ಎಷ್ಟು ಕೋಟ್ ಹಾಕಿದರೂ ಓರೆ ಬೆಳಕಿನಲ್ಲಿ ತೇಪೆ ತೇಪೆಯಾಗಿ ಕಾಣುತ್ತದೆ. ಎರಡು ಕೋಟ್ ನಡುವೆ 4 ಗಂಟೆ ಬಿಡಿ. ಕಡು ಬಣ್ಣವಾದರೆ ಮೂರನೆಯ ಕೋಟ್ ಬೇಕೇ ಬೇಕು. ರೋಲರನ್ನು 3 ಅಡಿ ಅಗಲದ ಪಟ್ಟಿಯಂತೆ ಮೇಲಿಂದ ಕೆಳಗೆ ಮುಗಿಸುತ್ತಾ ಹೋಗಿ, ಹಿಂದಿನ ಪಟ್ಟಿಯ ಅಂಚು ಒಣಗುವ ಮೊದಲೇ ಮುಂದಿನದನ್ನು ಅದಕ್ಕೆ ಕೂಡಿಸಿ. ನಡುವೆ ಕಾಫಿಗೆ ಎದ್ದರೆ ಆ ಗೆರೆ ಕೊನೆಯವರೆಗೂ ಉಳಿಯುತ್ತದೆ.

ಪಕ್ಕದ ಗೋಡೆ ಸೇರುವ ಮೂಲೆಯಲ್ಲಿ ಬಣ್ಣ ಟೇಪಿನಡಿ ನುಸುಳದಂತೆ ಒಂದು ಉಪಾಯವಿದೆ. ಟೇಪು ಹಾಕಿದ ಮೇಲೆ ಅದರ ಅಂಚಿಗೆ ಮೊದಲು ಪಕ್ಕದ ಗೋಡೆಯ ಬಣ್ಣವನ್ನೇ ತೆಳುವಾಗಿ ಎಳೆಯಿರಿ. ನುಸುಳುವುದಿದ್ದರೆ ಅದೇ ನುಸುಳಿ ಸಂದು ಮುಚ್ಚುತ್ತದೆ. ಅದು ಒಣಗಿದ ಮೇಲೆ ಹೊಸ ಬಣ್ಣ ಹಚ್ಚಿ, ಕೊನೆಯ ಕೋಟ್ ಇನ್ನೂ ಹಸಿಯಿರುವಾಗಲೇ ಟೇಪು ಕೀಳಿ. ಗೆರೆ ಹಾಳೆ ಕತ್ತರಿಸಿದಷ್ಟು ನೇರವಾಗಿ ನಿಲ್ಲುತ್ತದೆ.

ವಾಲ್‌ಪೇಪರ್ ಬಗ್ಗೆ ಚುಟುಕಾಗಿ ಹೇಳುತ್ತೇವೆ, ಏಕೆಂದರೆ ನಮ್ಮ ಹವೆಗೆ ನಾವು ಅದನ್ನು ಮನಸ್ಸಿಟ್ಟು ಹೇಳಲಾರೆವು. ಸಾಮಾನ್ಯ ರೋಲು 53 ಸೆಂಟಿಮೀಟರ್ ಅಗಲ, 10 ಮೀಟರ್ ಉದ್ದ, ಅಂದರೆ ಸುಮಾರು 57 ಚದರ ಅಡಿ. ಚದರ ಅಡಿಯಲ್ಲಿ ಭಾಗಿಸಿದರೆ ಎರಡು ರೋಲು ಮತ್ತು ಚೂರು ಎಂದು ಬರುತ್ತದೆ, ಆದರೆ ಗೋಡೆಗೆ ಮೇಲಿಂದ ಕೆಳಗೆ ಎಷ್ಟು ಪಟ್ಟಿ ಬೇಕು ಎಂದು ಲೆಕ್ಕ ಹಾಕಬೇಕು. 10 ಅಡಿ ಎತ್ತರಕ್ಕೆ ಒಂದು ರೋಲಿನಿಂದ 3 ಪಟ್ಟಿ. 12 ಅಡಿ ಅಗಲಕ್ಕೆ 7 ಪಟ್ಟಿ. ಹಾಗಾಗಿ 3 ರೋಲು. ಮೊದಲ ಪಟ್ಟಿಯನ್ನು ಮೂಲೆಗೆ ಹೊಂದಿಸಬೇಡಿ, ತೂಕದ ಗುಂಡು ಇಳಿಬಿಟ್ಟು ಗೆರೆ ಹಾಕಿ ಅದಕ್ಕೆ ಹೊಂದಿಸಿ. ನಮ್ಮ ಮೂಲೆಗಳು ನೇರ ಇರುವುದು ಅಪರೂಪ. ಬೆಂಗಳೂರಿನ ಒಣ ಕೋಣೆಯಲ್ಲಿ ಚೆನ್ನಾಗಿಯೇ ಕೂರುತ್ತದೆ. ಮಂಗಳೂರು, ಕುಮಟಾ ಕಡೆಯ ಮಳೆಗಾಲದಲ್ಲಿ ವಿನೈಲ್ (ಪ್ಲಾಸ್ಟಿಕ್ ಮೈಯ) ಹಾಳೆ ಗೋಡೆಗೆ ಉಸಿರಾಡಲು ಬಿಡುವುದಿಲ್ಲ, ಹಿಂದೆ ಬೂಷ್ಟು ಹಿಡಿಯುತ್ತದೆ, ವಾಸನೆ ಬರುವವರೆಗೆ ಗೊತ್ತೂ ಆಗುವುದಿಲ್ಲ. ಡಿಸ್ಟೆಂಪರ್ ಗೋಡೆಗೆ ಅಂಟಿಸಿದರೆ ಹಾಳೆ ತನ್ನ ಭಾರಕ್ಕೆ ಹಳೆ ಬಣ್ಣವನ್ನೂ ಕಿತ್ತುಕೊಂಡು ಕೆಳಗೆ ಬರುತ್ತದೆ.

ಇನ್ನು ಸುಣ್ಣ. ಹಬ್ಬಕ್ಕೆ ಬಳಿಯುವ ಅಗ್ಗದ ಬಿಳಿ ಎಂದು ಬದಿಗಿಟ್ಟವರು ಕಾವಿ ಬೆರೆಸಿದ ಸುಣ್ಣದ ಗೋಡೆಯನ್ನು ಒಮ್ಮೆ ಬೆಳಗಿನ ಬೆಳಕಿನಲ್ಲಿ ನೋಡಬೇಕು. ಬಣ್ಣ ಒಂದೇ ಸಮ ಇರುವುದಿಲ್ಲ. ಕುಂಚ ಹೋದ ಹಾದಿ, ಗಾರೆಯ ಏರಿಳಿತ ಎಲ್ಲವೂ ಮೃದುವಾಗಿ ಕಾಣುತ್ತದೆ. ಸುಣ್ಣ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್ ಹೀರಿ ಮತ್ತೆ ಸುಣ್ಣಕಲ್ಲಾಗಿ ಗಟ್ಟಿಯಾಗುತ್ತದೆ, ತೇವವನ್ನು ಒಳಗೆ ಕಟ್ಟಿಹಾಕುವುದಿಲ್ಲ. ಅದರ ಕ್ಷಾರಕ್ಕೆ ಬೂಷ್ಟು ಸುಲಭಕ್ಕೆ ಬೆಳೆಯುವುದೂ ಇಲ್ಲ. ಆದರೆ ಎಮಲ್ಷನ್ ಮೇಲೆ, ನುಣುಪು ಪುಟ್ಟಿಯ ಮೇಲೆ ಅದು ನಿಲ್ಲದು. ಬಣ್ಣ ಕಾಣದ ಗಾರೆ, ಹಳೆ ಸುಣ್ಣದ ಗೋಡೆ, ಜಂಬಿಟ್ಟಿಗೆ ಕಲ್ಲಿನ ಗೋಡೆ ಇದ್ದರೆ ಮಾತ್ರ ಕೈ ಹಾಕಿ.

2 ಕಿಲೋ ಸುಟ್ಟ ಸುಣ್ಣಕ್ಕೆ 10 ಲೀಟರ್ ನೀರು. ಮೊದಲು ನೀರು, ಆಮೇಲೆ ಸುಣ್ಣವನ್ನು ಸ್ವಲ್ಪ ಸ್ವಲ್ಪವಾಗಿ ಹಾಕಿ. ಅದು ಕುದಿಯುತ್ತದೆ, ಕಣ್ಣಿಗೆ ಕನ್ನಡಕ, ಕೈಗೆ ರಬ್ಬರ್ ಗವಸು ಇರಲೇಬೇಕು, ಮಕ್ಕಳು ಹತ್ತಿರ ಸುಳಿಯಬಾರದು. ಕಬ್ಬಿಣದ ತಗಡಿನ ಡಬ್ಬಿ ಸರಿ. ಅಲ್ಯೂಮಿನಿಯಂ ಪಾತ್ರೆಯನ್ನು ಸುಣ್ಣ ತಿಂದುಹಾಕುತ್ತದೆ, ತೆಳು ಪ್ಲಾಸ್ಟಿಕ್ ಬಕೆಟ್ ಬಿಸಿಗೆ ಬಾಗುತ್ತದೆ. 24 ಗಂಟೆ ನೆನೆದ ಮೇಲೆ ಬಟ್ಟೆಯಲ್ಲಿ ಸೋಸಿ, ಬಿಸಿ ನೀರಿನಲ್ಲಿ ಕರಗಿಸಿದ 40 ಗ್ರಾಂ ಗೋಂದು ಸೇರಿಸಿ. ಕಾವಿ ಅಥವಾ ಕಬ್ಬಿಣದ ಆಕ್ಸೈಡ್ ಬಣ್ಣವನ್ನು ರಾತ್ರಿಯೇ ನೀರಿನಲ್ಲಿ ನೆನೆಸಿಟ್ಟು ಬೆರೆಸಿ. ಈ ಅಳತೆಗೆ 200 ಗ್ರಾಂ ಮೀರಬೇಡಿ, ಮೀರಿದರೆ ಸುಣ್ಣಕ್ಕೆ ಬಣ್ಣವನ್ನು ಹಿಡಿದಿಡಲಾಗದೆ ಪುಡಿ ಉದುರುತ್ತದೆ. ಇಡೀ ಗೋಡೆಗೆ ಬೇಕಾದಷ್ಟನ್ನು ಒಟ್ಟಿಗೇ ಕಲಸಿ. ಎರಡನೆಯ ಸಲ ಕಲಸಿದ್ದು ಮೊದಲಿನದಕ್ಕೆ ಹೊಂದುವುದೇ ಇಲ್ಲ.

ಗೋಡೆಗೆ ನೀರು ಚಿಮುಕಿಸಿ, ಹಾಲಿನಷ್ಟು ತೆಳುವಾಗಿ, ಮೊದಲು ಮೇಲೆ ಕೆಳಗೆ, ಅದು ಒಣಗುವ ಮೊದಲು ಅಡ್ಡಕ್ಕೆ ಎಳೆಯಿರಿ. ದಿನಕ್ಕೊಂದು ಕೋಟ್, ಒಟ್ಟು 4. ಹಸಿಯಿರುವಾಗ ಏನೂ ಹಚ್ಚಿದಂತೆ ಕಾಣುವುದಿಲ್ಲ. ಗಾಬರಿಯಾಗಿ ದಪ್ಪ ಬಳಿದರೆ ಒಣಗಿ ಹೊಪ್ಪಳೆ ಏಳುತ್ತದೆ. ಒಣಗಿದ ಬಣ್ಣ ಬಕೆಟ್ಟಿನಲ್ಲಿ ಕಂಡದ್ದಕ್ಕಿಂತ ಬಹಳ ತಿಳಿಯಾಗಿರುತ್ತದೆ, ಹಾಗಾಗಿ ಮೂಲೆಯಲ್ಲಿ ಒಂದು ಅಡಿ ಹಚ್ಚಿ ಮರುದಿನ ನೋಡಿಯೇ ಮುಂದುವರಿಯಿರಿ. ಫ್ಯಾನು ಹಾಕಿ ಬೇಗ ಒಣಗಿಸಬೇಡಿ. ಇಷ್ಟೆಲ್ಲ ಮಾಡಿದರೂ ಒರಗಿದವರ ಅಂಗಿಗೆ ಚೂರು ಬಣ್ಣ ಹತ್ತುವುದುಂಟು. ಸೋಫಾ ಗೋಡೆಗೆ ತಾಗುವ ಕಡೆ ಸುಣ್ಣ ಬೇಡ.

ಬಾಡಿಗೆ ಮನೆಯವರಿಗೆ ನಮ್ಮ ಮತ ಕೌದಿಗೆ. ಹಳೆ ಸೀರೆ, ಧೋತರ ಪದರ ಪದರವಾಗಿ ಹಾಕಿ ಹೊಲಿದ ಉತ್ತರ ಕರ್ನಾಟಕದ ಕೌದಿ, ಇಲ್ಲವೇ ಉತ್ತರ ಕನ್ನಡದ ಸಿದ್ದಿ ಹೆಣ್ಣುಮಕ್ಕಳು ನಾಲ್ಕು ಮೂಲೆಗೂ ಬಟ್ಟೆಯ ಮುಕ್ಕೋನ ಮಡಚಿ ಹೊಲಿಯುವ ಕೌದಿ. ಮನೆಯಲ್ಲೇ ಅಜ್ಜಿ ಹೊಲಿದದ್ದಿದ್ದರೆ ಪೆಟ್ಟಿಗೆಯಿಂದ ತೆಗೆಯಿರಿ, ಅದಕ್ಕಿಂತ ನಿಮ್ಮದಾದ ಗೋಡೆ ಇನ್ನೊಂದಿಲ್ಲ. ಟೈಲ್ಸ್ ನೆಲದ ಖಾಲಿ ಹಾಲ್‌ನಲ್ಲಿ ಒಮ್ಮೆ ಚಪ್ಪಾಳೆ ತಟ್ಟಿ, ಕೌದಿ ತೂಗಿದ ಮೇಲೆ ಇನ್ನೊಮ್ಮೆ ತಟ್ಟಿ. ಮಾರ್ದನಿ ಕಡಿಮೆಯಾದದ್ದು ಕಿವಿಗೇ ಗೊತ್ತಾಗುತ್ತದೆ. ಬೇರೆ ಮೂರರಲ್ಲಿ ಈ ಲಾಭವಿಲ್ಲ.

ಮೊಳೆ ಹೊಡೆದು ಎರಡು ಮೂಲೆಯಿಂದ ಜೋತಾಡಿಸಿದರೆ ನಡುವೆ ಬಾಗಿ, ಹೊಲಿಗೆ ಬಿಚ್ಚುತ್ತದೆ. ಹಿಂಬದಿಯ ಮೇಲಂಚಿಗೆ 4 ಇಂಚು ಅಗಲದ ಬಟ್ಟೆಯ ತೋಳು ಹೊಲಿಯಿರಿ. ಸೂಜಿ ಹಿಂದಿನ ಪದರಗಳನ್ನಷ್ಟೇ ಹಿಡಿಯಲಿ, ಮುಂದೆ ಹೊಲಿಗೆ ಕಾಣಬಾರದು. ಅದರೊಳಗೆ 2 ಇಂಚು ಅಗಲ, ಅರ್ಧ ಇಂಚು ದಪ್ಪದ ಮರದ ಪಟ್ಟಿ ತೂರಿಸಿ. 5 ಅಡಿ ಕೌದಿಗೆ ಮೂರು ಕೊಕ್ಕೆ: 6 ಮಿಲಿಮೀಟರ್ ಡ್ರಿಲ್ ಬಿಟ್ಟಿನಿಂದ 40 ಮಿಲಿಮೀಟರ್ ಆಳ ಕೊರೆದು, ಸ್ಕ್ರೂ ಹಿಡಿಯುವ ಪ್ಲಗ್ ಹಾಕಿ, ಸ್ಕ್ರೂ ಕೊಕ್ಕೆ ತಿರುಗಿಸಿ. ಸ್ವಿಚ್‌ಬೋರ್ಡಿನ ನೇರಕ್ಕೆ ಮೇಲೂ ಕೆಳಗೂ ಕೊರೆಯಬೇಡಿ, ಒಳಗೆ ವೈರಿನ ಪೈಪು ಹೋಗಿರುತ್ತದೆ. ಅಂಟಿಸುವ ಕೊಕ್ಕೆ ಕೌದಿಯ ಭಾರಕ್ಕಲ್ಲ. ಮಣ್ಣಿನ ಗೋಡೆಯಲ್ಲಿ ಪ್ಲಗ್ ಸುಮ್ಮನೆ ತಿರುಗುತ್ತದೆ, ಅಲ್ಲಿ ತೊಲೆಯಿಂದ ಹಗ್ಗ ಇಳಿಬಿಡಿ. ಕೆಳಗಿನ ಎರಡು ಮೂಲೆಯ ಹಿಂದೆ ಅರ್ಧ ಇಂಚಿನ ಮರದ ತುಂಡು ಕೊಟ್ಟರೆ ಗಾಳಿಯಾಡುತ್ತದೆ. ನೇರ ಬಿಸಿಲು ಬೀಳುವ ಗೋಡೆಗೆ ಬೇಡ, ಕೆಂಪು ಮೊದಲು ಮಾಸುತ್ತದೆ.

ಯಾವುದನ್ನೇ ಆರಿಸಿ, ಬಲ್ಬು ಬದಲಿಸದೆ ತೀರ್ಪು ಕೊಡಬೇಡಿ. 6500 ಕೆಲ್ವಿನ್‌ನ (ಬಲ್ಬಿನ ಡಬ್ಬಿಯ ಮೇಲಿರುವ, ಬೆಳಕಿನ ಬಣ್ಣದ ಅಳತೆ) ಬಿಳಿ ಬೆಳಕಿನಲ್ಲಿ ಕಾವಿ ಕಂದಿ ಕಾಣುತ್ತದೆ, ಕೌದಿಯ ಅರಿಶಿನ ಸಪ್ಪೆಯಾಗುತ್ತದೆ. 2700 ಅಥವಾ 3000 ಕೆಲ್ವಿನ್‌ನ ಹಳದಿ ಛಾಯೆಯ ಬಲ್ಬಿನಡಿ ಅದೇ ಗೋಡೆ ಬೇರೆಯದೇ ಆಗುತ್ತದೆ. ಎಮಲ್ಷನ್ ಆರಿಸುವವರು 2 ಅಡಿ ಚದರದ ರಟ್ಟಿಗೆ ಎರಡು ಕೋಟ್ ಹಚ್ಚಿ, ಬೆಳಿಗ್ಗೆ ಒಮ್ಮೆ, ಸಂಜೆ ಈ ಬಲ್ಬು ಹಾಕಿ ಒಮ್ಮೆ, ನೀವು ನಿತ್ಯ ಕೂರುವ ಜಾಗದಿಂದಲೇ ನೋಡಿ. ಒಪ್ಪಿಗೆಯಾದ ಬಣ್ಣದ ಕೋಡ್ ಮತ್ತು ಹಚ್ಚಿದ ದಿನವನ್ನು ಡಬ್ಬಿಯ ಮುಚ್ಚಳದ ಮೇಲೆ ಬರೆದು, ಮಿಕ್ಕಿದ್ದನ್ನು ಗಾಜಿನ ಸಣ್ಣ ಶೀಶೆಗೆ ತುಂಬಿಡಿ. ಕುರ್ಚಿ ತಾಗಿ ಗೀರು ಬಿದ್ದ ದಿನ ಬೇಕಾಗುತ್ತದೆ.