ಎಂಟು ಮೂಲೆಯ ಲೆಷರ್ ಡಾಲರ್: ಕೊಂಡವನ ಅಭಿಪ್ರಾಯ

ಕೊಲೊರಾಡೊದ ವಿಕ್ಟರ್ ಎಂಬ ಗಣಿ ಪಟ್ಟಣದಲ್ಲಿ ಜೋಸೆಫ್ ಲೆಷರ್ 1900 ಮತ್ತು 1901ರಲ್ಲಿ ಹೊರತಂದ ಎಂಟು ಮೂಲೆಯ ಬೆಳ್ಳಿ ಪದಕಗಳು, ಅಂಗಡಿಯವರು ಸರಕಿಗೆ ಬದಲಾಗಿ ಪಡೆಯಲು ಒಪ್ಪಿದ್ದರಿಂದ, ನಾಣ್ಯಗಳಂತೆಯೇ ಚಲಾವಣೆಯಾದವು. ವ್ಯಾಪಾರಿಯೊಬ್ಬರಿಂದ ನಾನು ತರಿಸಿಕೊಂಡ 1900ರ ಪದಕದ ಮೇಲೆ ಒಂದು ಔನ್ಸ್ ಬೆಳ್ಳಿ, ಬೆಲೆ 1.25 ಡಾಲರ್ ಎಂದು ಬರೆದಿದೆ; ಕ್ರಮಸಂಖ್ಯೆಯನ್ನು ಬೇರೆಯಾಗಿ ಒತ್ತಿರುವುದರಿಂದ ಒಂದು ಅಂಕಿ ತುಸು ವಾಲಿದೆ, ನನ್ನ ಕಣ್ಣಿಗೆ ಅದೇ ಅದರ ಚೆಲುವು. ಆದರೆ ಅಸಲು ಸ್ಥಿತಿಯಲ್ಲಿದೆ ಎಂದು ಮಾರಿದ ಈ ಪದಕವನ್ನು ಯಾರೋ ಉಜ್ಜಿ ತೊಳೆದಿದ್ದಾರೆ: ದೀಪದ ಕೆಳಗೆ ಓರೆಯಾಗಿ ಹಿಡಿದರೆ ಕೂದಲೆಳೆಯಂಥ ಗೀರುಗಳು ಕಾಣುತ್ತವೆ, ಬೆಳ್ಳಿಗೆ ಹಿಡಿದಿದ್ದ ಹಳೆಯ ಕಪ್ಪು ಬಣ್ಣ ಅಕ್ಷರಗಳ ಸಂದಿಯಲ್ಲಷ್ಟೇ ಉಳಿದಿದೆ. ಬೆಳ್ಳಿಯ ತೂಕದ ಬೆಲೆಗೆ ಇಂಥದು ಸಿಕ್ಕರೆ ನಕಲೆಂದೇ ಶಂಕಿಸಬೇಕು. ಉಜ್ಜದ ಪದಕಕ್ಕೆ ಹೆಚ್ಚು ತೆರಲು ನಾನು ಸಿದ್ಧ. ಇದನ್ನು ಮಾತ್ರ ಹಿಂದಿರುಗಿಸಿದ್ದೇನೆ.