ಭರತನಾಟ್ಯವೋ, ಡೊಳ್ಳು ಕುಣಿತವೋ?

ದಾವಣಗೆರೆಯಲ್ಲಿ ಮಕ್ಕಳನ್ನು ನೃತ್ಯಕ್ಕೆ ಸೇರಿಸುವವರು ಮೊದಲು ಮಗುವಿನ ಮೊಣಕಾಲು, ತಾಳ್ಮೆ ಎರಡನ್ನೂ ಗಮನಿಸಬೇಕು.

ಭರತನಾಟ್ಯದಲ್ಲಿ ಮೊದಲ ತಿಂಗಳುಗಳೆಲ್ಲ ಅರಮಂಡಿ (ಮಂಡಿ ಬಾಗಿಸಿ ಅರ್ಧ ಕೂತ ಭಂಗಿ) ಮತ್ತು ತಟ್ಟಡವಿಗೇ (ಪಾದ ತಟ್ಟುವ ಮೊದಲ ಅಡವು, ಅಂದರೆ ಮೂಲ ಹೆಜ್ಜೆ) ಹೋಗುತ್ತವೆ. ಅರಮಂಡಿಯಲ್ಲಿ ಹಿಮ್ಮಡಿ ಹತ್ತಿರ, ಪಾದ ಹೊರಕ್ಕೆ, ಮಂಡಿ ಪಾದದ ದಿಕ್ಕಿಗೇ ಬಾಗಬೇಕು, ಬೆನ್ನು ನೆಟ್ಟಗಿರಬೇಕು. ಕಾಲನ್ನು ಸೊಂಟದಿಂದಲೇ ತಿರುಗಿಸದೆ ಬರೀ ಪಾದವನ್ನಷ್ಟೇ ತಿರುವಿದರೆ ಮಂಡಿ ಒಳಕ್ಕೆ ಬೀಳುತ್ತದೆ. ನೋವು ಶುರುವಾಗುವುದೇ ಅಲ್ಲಿಂದ. ಅದೇ ಅಡವನ್ನು ಮೂರು ಕಾಲದಲ್ಲಿ, ಅಂದರೆ ಮೂರು ವೇಗದಲ್ಲಿ, ಮಾಡಿಸುತ್ತಾರೆ. ಮೂರನೇ ಕಾಲಕ್ಕೆ ಬಂದಾಗ ಅರಮಂಡಿ ಮೇಲೇಳುತ್ತದೆ, ಗುರುಗಳು ಅಲ್ಲೇ ನಿಲ್ಲಿಸಿ ತಿದ್ದಬೇಕು. ಅಡವು ಗಟ್ಟಿಯಾಗುವ ಮೊದಲೇ ಹಾಡಿಗೆ ನೃತ್ಯ ಕಲಿಸುವ ತರಗತಿಯನ್ನು ನಾವು ಒಪ್ಪುವುದಿಲ್ಲ. ಮುಂದೆ ಜೂನಿಯರ್, ಸೀನಿಯರ್, ವಿದ್ವತ್ ಎಂಬ ಹಂತ ಹಂತದ ನೃತ್ಯ ಪರೀಕ್ಷೆಗಳ ದಾರಿಯೂ ಇದೆ.

ಡೊಳ್ಳು ಬೇರೆಯೇ ಲೋಕ. ಬೀರೇಶ್ವರನನ್ನು ಆರಾಧಿಸುವ ಕುರುಬರ ಕಲೆಯಿದು. ಚಿತ್ರದುರ್ಗದ ಕಡೆಯ ಜಾತ್ರೆಗಳಲ್ಲಿ ಅದರ ಸದ್ದೇ ಮೈ ನವಿರೇಳಿಸುತ್ತದೆ. ಒಂದು ಕೈಯಲ್ಲಿ ಕೋಲು, ಇನ್ನೊಂದು ಬರಿಗೈ. ಮೊದಲು ಡೊಳ್ಳಿಲ್ಲದೆ ಹೆಜ್ಜೆ, ಆಮೇಲೆ ನಿಂತು ಬಡಿತ, ಕೊನೆಗೆ ಎರಡೂ ಒಟ್ಟಿಗೆ ಕಲಿಯುವುದು ಒಳ್ಳೆಯದು. ಭಾರವನ್ನು ಕುತ್ತಿಗೆಯೇ ಹೊತ್ತರೆ ಬೆನ್ನು ಹಿಡಿಯುತ್ತದೆ, ಸೊಂಟಕ್ಕೂ ಬಿಗಿಯಾಗಿ ಕಟ್ಟಬೇಕು. ಮಳೆಗಾಲದಲ್ಲಿ ಚರ್ಮ ಸಡಿಲಾಗಿ ನಾದ ಮಂಕಾಗುತ್ತದೆ, ಬಿಸಿ ತೋರಿಸಿ ಹಗ್ಗ ಬಿಗಿಯಬೇಕು.

ಒಬ್ಬರೇ ನಿಂತು ಅಭಿನಯಿಸುವ ಆಸೆಯಿದ್ದರೆ ಭರತನಾಟ್ಯ. ಗುಂಪಿನ ಲಯದಲ್ಲಿ ಅರಳುವ ಮಗುವಾದರೆ ಡೊಳ್ಳು, ಆದರೆ ಮೈ ಬಲಿಯುವವರೆಗೆ ಚಿಕ್ಕ ಡೊಳ್ಳನ್ನೇ ಕೊಡಿ.